ಒಂದು ಬದಿಗೆ ಎರಡು ರೂಪಾಯಿ

ಹಾಸನದ ಕೋರ್ಟಿನ ಎದುರು ನನ್ನ ಜೆರಾಕ್ಸ್ ಅಂಗಡಿ.
ಪಹಣಿ, ಜಾತಿ ಪತ್ರ, ಜಾಮೀನು ಅರ್ಜಿ,
ಮರಣ ಪತ್ರಕ್ಕೆ ಐದೈದು ನಕಲು.
ಯಾವುದನ್ನೂ ಓದುವುದಿಲ್ಲ ನಾನು.
ಹಾಳೆ ನೇರ ಇದೆಯಾ, ಅಂಚು ತಿಂದಿತಾ,
ನೋಡುವುದು ಅಷ್ಟೇ.

ಬುಧವಾರ ಮಧ್ಯಾಹ್ನ ಬಂದಳು ದಾಕ್ಷಾಯಿಣಿ,
ಅರಸೀಕೆರೆ ಗಾಡಿಯ ಕಂಡಕ್ಟರ್.
ಖಾಕಿ ಬಿಟ್ಟು ಚೂಡಿದಾರ್ ಹಾಕಿದ್ದಳು,
ಆದರೂ ಎಡ ಹೆಗಲು ಒಂದಿಷ್ಟು ಕೆಳಗೆ,
ಇಲ್ಲದ ಚೀಲ ಜಗ್ಗುತ್ತಿರುವ ಹಾಗೆ.
"ಅಕ್ಕ, ಫೋನಲ್ಲಿರೋದೆಲ್ಲ ಪ್ರಿಂಟ್ ಬೇಕು.
ತಾರೀಖು, ಟೈಮು, ಹೆಸರು ಕಾಣಬೇಕಂತೆ ಸ್ಟೇಷನ್ನಿಗೆ.
ಒಂದೇ ಬದಿ."

ಎಷ್ಟಿವೆ ಅಂದೆ.
ಎಣಿಸಿಲ್ಲ ಅಂದಳು,
ಸ್ಟೇಜು ಸ್ಟೇಜಿಗೂ ತಲೆ ಎಣಿಸುವವಳು.

ವಿಷಯ ಗೊತ್ತಿತ್ತು. ಹಾಸನಕ್ಕೆಲ್ಲ ಗೊತ್ತಿತ್ತು.
ದುದ್ದದ ಹತ್ತಿರ, ಐನೂರರ ನೋಟು ಹಿಡಿದವನ ಜೊತೆ ಚಿಲ್ಲರೆ ಜಗಳ.
ಹಿಂದಿನ ಸೀಟಿನಿಂದ ಯಾರೋ ಹಿಡಿದ ಮೂವತ್ತೆಂಟು ಸೆಕೆಂಡು:
ಬಾಯಿ ತೆರೆದ ಅವಳು, ಕೈ ಎತ್ತಿದ ಅವಳು,
ದನಿ ತೆಗೆದು ಸೇರಿಸಿದ ಕೋಳಿಯ ಕೂಗು.

"ಬೈದಿದ್ದು ಹೌದು," ಅಂದಳು, ನಾನು ಕೇಳದೆಯೇ.
"ಇಳೀರಿ ಅಂದೆ. ಮಾನ ಮರ್ಯಾದೆ ಇಲ್ವಾ ಅಂದೆ.
ಅದಕ್ಕೆ ಇವರು"
ಮಾತು ಅಲ್ಲೇ ನಿಂತಿತು,
ಯಾರೂ ಇಳಿಯದ ಕೋರಿಕೆ ನಿಲುಗಡೆಯಲ್ಲಿ.

ಮೆಷಿನ್ ಶುರುವಾಯಿತು. ಈ ಸಲ ಓದಿದೆ.
ಅವಳಿಗೆ ದರ ಕಟ್ಟಿದವನ ಫೋಟೋದಲ್ಲಿ
ತೊಡೆಯ ಮೇಲೆ ಮಗು, ಬಾಯಿ ತುಂಬ ಪಾಯಸ.
ಅವಳ ಮುಖವನ್ನು ಯಾರದೋ ಬತ್ತಲೆ ಮೈಗೆ ಅಂಟಿಸಿದವನು
ಶುಭೋದಯ ಎಂದು ಆರಂಭಿಸಿದ್ದಾನೆ.
ಇನ್ನೊಬ್ಬ ಅವಳ ಮನೆಯ ಗೇಟಿನ ಬಣ್ಣ ಬರೆದಿದ್ದಾನೆ:
ಹಸಿರು.
ಬೇರೆ ಬೈಗುಳವೇ ಇಲ್ಲ.
ಆ ಹಾಳೆ ಬಂದಾಗ ಅವಳು ನೀರು ಕೇಳಿದಳು.

ಅವಳಿಗೂ ಮೆಷಿನ್ನಿಗೂ ನಡುವೆ ನಿಂತು
ಒಂದೊಂದನ್ನೇ ಬೋರಲು ಇಡುತ್ತ ಹೋದೆ.
ನನ್ನ ಕಸುಬಿನಲ್ಲಿ ಕೈಲಾಗುವುದು ಅಷ್ಟು.

ಮೂವತ್ತೇಳನೇ ಹಾಳೆ.
ನಕ್ಕವರ ಪಟ್ಟಿ.
ನಗುವಿಗೆ ಕಣ್ಣೀರು ಸುರಿಸುವ ಆ ಹಳದಿ ಮುಖಗಳು
ಕಪ್ಪು ಬಿಳುಪಿನಲ್ಲಿ ಬರೀ ಮಸಿ.
ಮೇಲಿನಿಂದ ಆರನೆಯದು:
ಮಂಜುಶ್ರೀ ಜೆರಾಕ್ಸ್ ಅಂಡ್ ಲ್ಯಾಮಿನೇಷನ್.

ಸೋಮವಾರ ಸಂಜೆ. ಕರೆಂಟ್ ಇರಲಿಲ್ಲ.
ಕೋಳಿ ಕೂಗಿತು, ಹೆಬ್ಬೆರಳು ಒತ್ತಿತು.
ಕರೆಂಟ್ ಬಂತು. ಮರೆತೆ.

ಹಾಳೆ ಸಿಕ್ಕಿಕೊಂಡಿತು ಅನ್ನಬಹುದಿತ್ತು.
ದಿನಕ್ಕೆ ಹತ್ತು ಸಲ ಸಿಕ್ಕಿಕೊಳ್ಳುತ್ತದೆ,
ಹರಿದು ಬುಟ್ಟಿಗೆ ಹಾಕುತ್ತೇನೆ,
ಯಾರೂ ಕೇಳುವುದಿಲ್ಲ.
ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ.

ಅಂಗಾತ ಇಟ್ಟೆ, ಅವಳ ಮುಂದೆ.
"ಇದು ನಾನು."

ಹಾಳೆ ನೋಡಿದಳು. ಕತ್ತೆತ್ತಿ ಬೋರ್ಡು ನೋಡಿದಳು.
ನೋಟು ಅಸಲಿಯೋ ಎಂದು ಬೆಳಕಿಗೆ ಹಿಡಿಯುತ್ತಾರಲ್ಲ,
ಹಾಗೆ ನನ್ನನ್ನು.
ಬೈಯಲಿ ಅಂದುಕೊಂಡೆ.
"ಉಳಿದಿದ್ದು ಹಾಕಿ ಅಕ್ಕ," ಅಂದಳು,
"ಬರಕೊಳ್ಳೋರು ಐದಕ್ಕೆ ಎದ್ದುಬಿಡ್ತಾರೆ."

ಇನ್ನೂರ ಹದಿನಾಲ್ಕು.
ನಾನೇ ಎಣಿಸಿದೆ, ಎರಡು ಸಲ.
ಮೇಲೊಂದು ಕೆಳಗೊಂದು ಬರೀ ಹಾಳೆ ಇಟ್ಟು ದಾರ ಕಟ್ಟಿದೆ.
ದುಡ್ಡು ಬೇಡ ಅಂದೆ.
ನಾನೂರ ಮೂವತ್ತು ಇಟ್ಟು
ಉಳಿದ ಚಿಲ್ಲರೆಗೆ ಕೈ ಚಾಚಿ ನಿಂತಳು.

ಡಬ್ಬಿಯಲ್ಲಿ ಎರಡು ರೂಪಾಯಿ ಇರಲಿಲ್ಲ.

"ಬರೆದುಕೊಡಿ ಮತ್ತೆ.
ನಾವು ಟಿಕೆಟ್ ಹಿಂದೆ ಬರೆಯಲ್ವಾ."
ಚೀಟಿಯ ಮೇಲೆ ಎರಡು ಎಂದು ಬರೆದು ಸುತ್ತ ಸೊನ್ನೆ ಸುತ್ತಿದೆ.
ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು.
"ಇಳಿಯುವಾಗ ಕೇಳಿ ತಗೊಳ್ತೀನಿ."
ನಕ್ಕಳೋ ಏನೋ. ಗೊತ್ತಾಗಲಿಲ್ಲ.

ಶಟರ್ ಎಳೆದೆ. ಸ್ಟೇಷನ್ನಿಗೆ ಇಬ್ಬರೂ ನಡೆದೆವು.
ಎನ್.ಆರ್. ಸರ್ಕಲ್ಲಿನಲ್ಲಿ ಅರಸೀಕೆರೆ ಗಾಡಿ ಎದುರಾಯಿತು,
ಬಾಗಿಲಲ್ಲಿ ನಿಂತ ಕಂಡಕ್ಟರ್ ಇವಳನ್ನು ಕಂಡು ಕೈ ಎತ್ತಿದ.
ಇವಳ ಕೈ ಏಳಲಿಲ್ಲ.

ನನ್ನ ಕಂಕುಳಲ್ಲಿ ಹಾಳೆಯ ಕಟ್ಟು
ಇನ್ನೂ ಬಿಸಿಯಾಗಿತ್ತು.