ಷರಾ

ಶಿಡ್ಲಘಟ್ಟ ನಗರಸಭೆಯ ಪೌರಾಯುಕ್ತರಿಗೆ
ಹುರಿಯವರ ಬೀದಿ ನೂಲು ಬಿಚ್ಚುವ ಹೆಂಗಸರ ಸಂಘದ
ಖಜಾಂಚಿ ಪಿಳ್ಳಮ್ಮನ ನಮಸ್ಕಾರ.
ಮಕ್ಕಳ ಕೋಣೆಗೆ ತಾವು ಕೊಟ್ಟ ಅರವತ್ತು ಸಾವಿರದ ಲೆಕ್ಕ
ನಮೂನೆಯಲ್ಲಿ ತುಂಬಿ ಕೊಟ್ಟಿದ್ದೇವೆ.
ಕೊನೆಯಲ್ಲಿ ‘ಷರಾ’ ಅಂತ ಒಂದು ಕಾಲಂ ಇದೆ,
ಕಿರುಬೆರಳಿನಷ್ಟು ಅಗಲ.
ಅಲ್ಲಿ ಹಿಡಿಸದ್ದನ್ನು ಈ ಹಾಳೆಯಲ್ಲಿ ಬರೆದಿದೆ.

ಮೊದಲು, ಹಣ ತಡವಾಗಿ ಎತ್ತಿದ್ದಕ್ಕೆ ಕಾರಣ.
ನಮ್ಮ ಅಧ್ಯಕ್ಷೆ ಖಮರುನ್ನಿಸಾ ಹೆಬ್ಬೆಟ್ಟಿಟ್ಟರೆ
ಬ್ಯಾಂಕಿನ ಯಂತ್ರ ಕೆಂಪು ದೀಪ ಹಚ್ಚಿತು.
ಸೆರಗಲ್ಲಿ ಒರೆಸಿ ಇಟ್ಟಳು. ಎಡಗೈಯದು ಇಟ್ಟಳು.
ಇಪ್ಪತ್ತಾರು ವರ್ಷ ಕುದಿನೀರಲ್ಲಿ ಗೂಡು ತಿರುವಿ
ಎಳೆಯ ತುದಿ ಹುಡುಕಿದ ಬೆರಳು ಅವು, ಸ್ವಾಮಿ.
ಗೆರೆಗಳೂ ಎಳೆಯ ಜೊತೆಗೇ ಬಿಚ್ಚಿಕೊಂಡು ಹೋಗಿವೆ,
ಈಗ ಯಾರ ಮದುವೆ ಸೀರೆಯಲ್ಲಿವೆಯೋ.
‘ನೀವು ನೀವೇ ಅನ್ನೋದಕ್ಕೆ ಏನು ಗುರುತು?’
ಕೌಂಟರಿನ ಹುಡುಗ ಕೇಳಿದ.
ಬೆಂದ ಅಂಗೈ ಗಾಜಿಗೆ ಒತ್ತಿ ಹಿಡಿದಳು.
ಮೂರು ವಾರ ಹಿಡಿಯಿತು.

ಎರಡನೆಯದು ಬೋರ್ಡು.
ಅನುದಾನ ಯಾರದೆಂದು ಬರೆಸಬೇಕು, ನಿಯಮ.
ಅಧ್ಯಕ್ಷರು, ಉಪಾಧ್ಯಕ್ಷರು, ವಾರ್ಡಿನ ಸದಸ್ಯರು,
ಅವರ ಯಜಮಾನರು (ಇವರ ಹೆಸರು ನಿಯಮದಲ್ಲಿಲ್ಲ,
ಅವರೇ ಬಂದು ನಿಂತು ಬರೆಸಿದರು).
ಪೇಂಟರ್ ಗೌಸ್ ಪೀರ್ ಅಕ್ಷರಕ್ಕೆ ಎಂಟು ರೂಪಾಯಿ.
ಸಂಘದ ಹೆಸರಿಗೆ ಬರುವಷ್ಟರಲ್ಲಿ
ಬೋರ್ಡೂ ಮುಗಿದಿತ್ತು, ದುಡ್ಡೂ.
ಪಾಪ, ಮೂಲೆಯಲ್ಲಿ ಒಂದು ರೇಷ್ಮೆ ಚಿಟ್ಟೆ ಬಿಡಿಸಿ
ಅದಕ್ಕೆ ಕಾಸು ಬೇಡ ಅಂದ.
ನಮಗೆ ಸದ್ಯಕ್ಕೆ ಅದೇ ಹೆಸರು.

ಗೋಡೆಗೆ ಸುಣ್ಣ, ಕಿಟಕಿಗೆ ಜಾಲರಿ,
ಚಾಪೆ ಹನ್ನೆರಡು, ಜೋಲಿ ಕಟ್ಟಲು ಕೊಂಡಿ ನಾಲ್ಕು,
ಮುನಿರಾಧಳ ಸಂಬಳ ಆರು ತಿಂಗಳದು:
ಎಲ್ಲಕ್ಕೂ ರಶೀದಿ ಇದೆ.
ರಶೀದಿ ಇಲ್ಲದ್ದು ಇದೊಂದು.

ಮೊದಲ ದಿನ ಮಕ್ಕಳು ನಿಲ್ಲಲಿಲ್ಲ.
ಬಿಸಿನೀರು ಸಿಡಿಯುವ ಕಡೆಗೇ ವಾಪಸ್ ಓಡಿದವು,
ಮೊಣಕಾಲು ಸುಟ್ಟುಕೊಂಡಿದ್ದ ಸುಹೇಲನೇ ಮುಂದೆ.
ಎರಡನೇ ದಿನವೂ ಅದೇ ರಂಪ. ಗೊಂಬೆ ಬೇಡ, ಬಿಸ್ಕತ್ತು ಬೇಡ.
ಹೊಸ ಸುಣ್ಣದ ವಾಸನೆಗೆ ಕೂಸುಗಳಿಗೆ ನಿದ್ದೆ ಹತ್ತದು.
ಮುನಿರಾಧ ಹುಡುಗಿ ಚೂಟಿ. ಮನೆಮನೆಗೆ ಹೋಗಿ
ಆರು ಹಳೇ ಸೀರೆ ತಂದಳು, ಒಗೆಯದ್ದು,
ಬೆಂದ ಹುಳುವಿನ ನಾತ ಹೊಡೆಯುವಂಥದು.
ಬಸ್ಸಿನಲ್ಲಿ ಪಕ್ಕದವರು
ಮೂಗಿಗೆ ಸೆರಗು ಹಿಡಿದು ದೂರ ಸರಿಯುತ್ತಾರಲ್ಲ,
ಅದೇ ನಾತ.
ಚಾಪೆಯ ಮೇಲೆ ಹಾಸಿದಳು.
ಹನ್ನೊಂದು ಮಕ್ಕಳು ಮಧ್ಯಾಹ್ನದವರೆಗೆ ಮಲಗಿದವು.

ಅಳತೆ ಮಾಡಲು ಬಂದ ಇಂಜಿನಿಯರು
‘ಇದೇನು ವಾಸನೆ, ಫಿನಾಯಿಲ್ ಹಾಕಿಸಿ’ ಅಂದರು.
ಹಾಕಿಸಿಲ್ಲ. ದಯವಿಟ್ಟು ಕ್ಷಮಿಸಬೇಕು.

ಉಳಿಕೆ ಇನ್ನೂರ ಹನ್ನೆರಡು ರೂಪಾಯಿ.
ವಾಪಸ್ ಕಟ್ಟಲು ನಾನೇ ಬಂದಿದ್ದೆ.
ಗುಮಾಸ್ತ ಬೈರಾರೆಡ್ಡಿಯವರು ಮೂರು ಪುಸ್ತಕ ತಿರುವಿದರು,
ಕನ್ನಡಕ ತೆಗೆದರು, ಹಾಕಿದರು.
‘ಕೊಡೋದಕ್ಕೆ ಲೆಕ್ಕಶೀರ್ಷಿಕೆ ಇದೆ ಕಣಮ್ಮ,
ತಗೊಳ್ಳೋದಕ್ಕೆ ಇಲ್ಲ. ಇಷ್ಟು ವರ್ಷಕ್ಕೆ
ಯಾರೂ ತಂದಿದ್ದೇ ಇಲ್ಲವಲ್ಲ.’
ಅಲ್ಲೇ ಟೀ ಕುಡಿಸಿದರು. ಆ ಹತ್ತು ರೂಪಾಯಿ ಅವರದು,
ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಕೋರಿಕೆ ಏನೆಂದರೆ,
ಗೌಸ್ ಪೀರನ ದರದಲ್ಲಿ ಈ ದುಡ್ಡಿಗೆ
ಇಪ್ಪತ್ತಾರು ಅಕ್ಷರ ಬರುತ್ತವೆ.
ಸಂಘದ ಹೆಸರು ಹದಿನೆಂಟೇ, ಎಣಿಸಿ ನೋಡಿದ್ದೇವೆ.
ಮಿಕ್ಕ ಎಂಟರಲ್ಲಿ ಏನು ಬರೆಸುವುದೆಂದು
ಬೀದಿಯಲ್ಲಿ ಇನ್ನೂ ಜಗಳ ನಡೆದಿದೆ.
ಆಗಲೂ ನಾಲ್ಕು ರೂಪಾಯಿ ಮಿಗುತ್ತದೆ.
ಅದಕ್ಕೊಂದು ದಾರಿ ತಾವೇ ಹೇಳಬೇಕು.

ಕೆಳಗೆ ಅಧ್ಯಕ್ಷೆಯ ಹೆಬ್ಬೆಟ್ಟಿದೆ.
ಗೆರೆಯಿಲ್ಲದ ನೀಲಿ ಮಚ್ಚೆ, ಶಾಯಿ ಚೆಲ್ಲಿದ ಹಾಗೆ.
ಚೆಲ್ಲಿದ್ದಲ್ಲ.