ಹಿಪೋಲಿತಜ್ಜಿಯ ದರದ ಪುಸ್ತಕ

ಎಂಕಾರ್ನಸಿಯೋನಿನ ಕೆಳಪೇಟೆ ಈಗ ನೀರಿನಡಿ.
ಅಣೆಕಟ್ಟೆಯ ಹಿನ್ನೀರು ಬಂದು
ಅಂಗಡಿಸಾಲು, ರೈಲುಹಳಿ, ಅಜ್ಜಿ ನೋಟು ಬದಲಿಸುತ್ತಿದ್ದ ಮೂಲೆ
ಎಲ್ಲವನ್ನೂ ಒಂದೇ ದರದಲ್ಲಿ ಕೊಂಡಿತು.
ಉಳಿದದ್ದು ಮಡಚುವ ಸ್ಟೂಲು,
ರಬ್ಬರ್‌ಬ್ಯಾಂಡಿನಲ್ಲಿ ಏಳು ಶಾಲೆಪುಸ್ತಕ.

ಎಡಕ್ಕೆ ತಾರೀಖು. ನಡುವೆ
ಒಂದು ಪೇಸೋಗೆ ಎಷ್ಟು ಗ್ವಾರನಿ.
ಬಲಕ್ಕೆ ಒಂದು ಬಾಣ, ಅಷ್ಟೆ.

ಪೇಸೋ ಕೊಬ್ಬಿದರೆ ಬಾಣ ಇತ್ತ:
ಪೊಸಾದಸಿನವರು ಪರಾನಾ ದಾಟಿ ಬಂದು
ಟಯರು, ರೇಡಿಯೋ, ಗಡಿಯಾರ ಬಾಚಿಕೊಂಡು ಹೋಗುವರು.
ಪೇಸೋ ಬಿದ್ದರೆ ಅತ್ತ:
ನಮ್ಮ ಹೆಂಗಸರು ಹೋಗುವಾಗ ಕಡ್ಡಿ,
ಬರುವಾಗ ತುಂಬುಬಸುರಿಯರು,
ಲಂಗದೊಳಗೆ ಹಿಟ್ಟು, ಎಣ್ಣೆ, ಈರುಳ್ಳಿ.
ಸುಂಕದವನು ಕೇಳುವನು, ಎಷ್ಟು ತಿಂಗಳು?
ಐದು ಕಿಲೋ, ಅಂದಳಂತೆ ಒಬ್ಬಳು.

ನಮ್ಮ ನೋಟಿಗೆ ನಮ್ಮ ಭಾಷೆಯದೇ ಹೆಸರು.
ಆ ಭಾಷೆಯ ಹಳೆಯ ಎಣಿಕೆ ನಾಲ್ಕಕ್ಕೆ ನಿಲ್ಲುತ್ತಿತ್ತಂತೆ,
ಆಮೇಲೆ ಬರೀ ‘ಹೆತಾ’. ಬಹಳ.
ಅಜ್ಜಿ ಬೈಯುವುದು ಅದರಲ್ಲಿ, ಕೂಡಿ ಕಳೆಯುವುದು ಸ್ಪ್ಯಾನಿಷಿನಲ್ಲಿ.
ಹೊಳೆಯಾಚೆಯ ಸರ್ಕಾರ
ನಾಲ್ಕು ಸಲ ಕತ್ತರಿ ಹಿಡಿದು ಹದಿಮೂರು ಸೊನ್ನೆ ಕತ್ತರಿಸಿತು,
ಬೆಳೆದ ಉಗುರಿನ ಹಾಗೆ.
ಸಲಸಲಕ್ಕೂ ಹೊಸ ಹೆಸರು, ಹೊಸ ಬಣ್ಣ,
ಅದೇ ಜ್ವರ.

ಅಜ್ಜಿಯ ತಂಗಿ ಪೆರ್ಪೆತುವಾ ಆಚೆ ದಡಕ್ಕೆ ಮದುವೆಯಾಗಿ ಹೋದವಳು.
ಎಪ್ಪತ್ತನಾಲ್ಕರಲ್ಲಿ ಕೈಸಾಲ: ಎರಡು ಸಾವಿರ ಪೇಸೋ,
ಹೊಲಿಗೆ ಯಂತ್ರಕ್ಕೆ.
ಪ್ರತಿ ಕ್ರಿಸ್‌ಮಸ್ಸಿಗೂ ಅದೇ ಜಗಳ,
ಕೊಟ್ಟ ದಿನದ ದರವೋ, ತೀರಿಸುವ ದಿನದ್ದೋ?
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಇವಳು,
ದಾಟಿಸಿದ್ದೇ ನೀನು ಎಂದು ಅವಳು.

ತೊಂಬತ್ತೆರಡರಲ್ಲಿ ತಂಗಿ ಹೊಸ ಸೇತುವೆಯ ಮೇಲೆ ನಡೆದು ಬಂದು
ಸ್ಟೂಲಿನ ಮುಂದೆ ಒಂದು ಸೆಂತಾವೋ ಇಟ್ಟಳು.
‘ಲೆಕ್ಕ ಹಾಕಿಸಿದ್ದೇನೆ. ನಿನ್ನ ಸಾಲ ಈಗ
ಪೇಸೋವೊಂದನ್ನು ಐದು ಕೋಟಿ ಚೂರು ಮಾಡಿದರೆ ಅದರಲ್ಲೊಂದು.
ತಗೊಂಡು ಚಿಲ್ಲರೆ ಕೊಡು.’

ಸುತ್ತ ಕೂತವರೆಲ್ಲ ನಕ್ಕರು.
ಅಜ್ಜಿ ನಗಲಿಲ್ಲ. ಕಿವಿ ಮುಟ್ಟಿ ತೋರಿಸಿದಳು:
‘ಪೇಸೋ ಕೊಟ್ಟೆನೇ ನಾನು?
ಅಮ್ಮನ ಮೂರು ಜೋತಿನ ಓಲೆ ಮಾರಿ ಕೊಟ್ಟೆ.’
ಆ ದಿನದ ಸಾಲಿನಲ್ಲಿ ದರವಿದೆ. ಬಾಣವಿಲ್ಲ.
ಒಂಬತ್ತು ವರ್ಷ ಮಾತೂ ಇಲ್ಲ.

ಆಮೇಲೆ ಎರಡು ಸಾವಿರದ ಎರಡು, ಜನವರಿ.
ಆಚೆ ಬ್ಯಾಂಕುಗಳು ಬಾಗಿಲೆಳೆದುಕೊಂಡವು,
ಜನ ಪಾತ್ರೆ ಬಡಿಯುತ್ತ ಬೀದಿಗೆ ಬಂದರು,
ನಾಲ್ಕೂವರೆ ಸಾವಿರವಿದ್ದ ಪೇಸೋ
ಮೆಟ್ಟಿಲು ತಪ್ಪಿದ ಕುಡುಕನಂತೆ ಇಳಿಯತೊಡಗಿತು.
ಆ ವಾರ ದರವನ್ನೇ ಬರೆದಿಲ್ಲ ಅಜ್ಜಿ.
ಬಾಣ ಅತ್ತ. ಅಂಚಿನಲ್ಲಿ ಪೆನ್ಸಿಲು:
ಮರಗೆಣಸಿನ ಹಿಟ್ಟು ಎಂಟು ಕಿಲೋ. ಗಿಣ್ಣು.

ಸೇತುವೆಯ ಇತಿಹಾಸದಲ್ಲೇ ಮೊದಲಿರಬೇಕು,
ಹೋಗುವಾಗಲೇ ಬಸುರಾಗಿ ಹೋದ ಮುದುಕಿ.
‘ಎಷ್ಟು ತಿಂಗಳಾಯಿತಜ್ಜಿ?’
‘ಇಪ್ಪತ್ತೆಂಟು ವರ್ಷ.’
ಅಲ್ಲಿ ಏನು ಮಾತಾಡಿಕೊಂಡರೋ,
ಅದು ಯಾವ ಪುಸ್ತಕದಲ್ಲೂ ಇಲ್ಲ.

ಈಗ ಸ್ಟೂಲು ನನ್ನದು, ಸೇತುವೆಯ ಬಾಯಲ್ಲಿ.
ಫೋನು ನಿಮಿಷಕ್ಕೊಮ್ಮೆ ದರ ಒದರುತ್ತದೆ,
ಮೊನ್ನೆ ಒಂದು ಪೇಸೋಗೆ ಏಳು ಗ್ವಾರನಿ,
ನೋಟಿಗಿಂತ ರಬ್ಬರ್‌ಬ್ಯಾಂಡು ದುಬಾರಿ.

ಪೆರ್ಪೆತುವಾ ಹೋದ ಮೇಲೆ ಆ ಹೊಲಿಗೆ ಯಂತ್ರ
ನನ್ನ ಹೆಸರಿಗೆ ಬಂತು.
ಸುಂಕದ ಕಟ್ಟೆಯಲ್ಲಿ ಫಾರಮ್ಮು: ಬೆಲೆ?
ನಾನು ‘ಹೆತಾ’ ಎಂದು ಬರೆದೆ.
ಹುಡುಗ ಅದನ್ನು ಹೊಡೆದುಹಾಕಿ ಒಂದು ಸೊನ್ನೆ ಸುತ್ತಿದ,
ಸಹಿ ಮಾಡಿಸಿಕೊಂಡ.

ಪೆಡಲು ಚೆನ್ನಾಗಿದೆ. ಸೂಜಿ ಮುರಿದಿದೆ.
ಅಷ್ಟು ಹಳೆಯ ಸೂಜಿ ಆಚೆಯೇ ಸಿಗಬೇಕು.
ಇವತ್ತು ಬಾಣ ಯಾವ ಕಡೆಗೋ, ನೋಡಿಕೊಂಡು ಹೊರಡಬೇಕು.