ಖಾಲಿ ದೃಶ್ಯ

ಗೋಣಿಕೊಪ್ಪಲಿನಲ್ಲಿ ಬೇಕರಿಯ ಮೇಲೆ ನಮ್ಮ ಕೋಣೆ.
ಕೆಳಗೆ ಬನ್ನು ಬೇಯುವ ಹೊತ್ತಿಗೆ ಮೇಲೆ
ನಾನು, ಮಾಚವ್ವ, ಆರು ಸಾವಿರ ತುಣುಕು ವಿಡಿಯೊ.
ಯಂತ್ರ ನೋಡಿ ಬರೆಯುತ್ತದೆ, ನಾವು ತಿದ್ದುತ್ತೇವೆ.
ನಾಳೆ ಯಾರೋ ಹುಡುಕಿದರೆ ಸಿಗಬೇಕಲ್ಲ, ಅದಕ್ಕೆ.
ಒಂದಕ್ಕೆ ಒಂದೂಕಾಲು ರೂಪಾಯಿ.

'ಹೆಂಗಸು ಸೀರೆಯನ್ನು ಹಿಂದುಮುಂದಾಗಿ ಉಟ್ಟಿದ್ದಾಳೆ'
ಎಂದು ಬರೆದಿತ್ತು ಮೊದಲ ವಾರ.
ನಾಮಕರಣಕ್ಕೆಂದು ಉಟ್ಟು ಬಂದಿದ್ದ ಮಾಚವ್ವ
ಎದ್ದು, ಬೆನ್ನು ತಿರುಗಿಸಿ,
ತನ್ನ ನೆರಿಗೆಯನ್ನು ಪರದೆಗೇ ತೋರಿಸಿದಳು,
ಅದಕ್ಕೆ ಕಣ್ಣಿದೆಯೇನೋ ಎಂಬಂತೆ.
ನಾನು ಟೈಪು ಮಾಡಿದೆ: ನೆರಿಗೆ ಹಿಂದೆ. ಸರಿಯಾಗಿಯೇ ಇದೆ.
ಆ ಒಂದು ಸಾಲನ್ನು ನುಂಗಿ ಅದು
ನಲವತ್ತು ಸಾಲು ಹೆತ್ತಿತು, ಒಂದರಲ್ಲೂ ತಪ್ಪಿಲ್ಲ.
ಹೆಮ್ಮೆಯೆನಿಸಿತು, ಸುಳ್ಳೇಕೆ.

ಆಮೇಲೆ ತಿತಿಮತಿ ಕಡೆಯ ಕ್ಯಾಮೆರಾದ್ದು ಬಂತು.
ಹನ್ನೊಂದು ಸೆಕೆಂಡು ಬರೀ ಮಂಜು.
'ಖಾಲಿ ದೃಶ್ಯ. ತೆಗೆದುಹಾಕಬಹುದು.'
ಮೆಮೊರಿ ಕಾರ್ಡು ತರುವ ಚುಬ್ರ, ಕಾಡು ಕಾಯುವವನು,
ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದ.
'ಸದ್ದು ಜೋರು ಮಾಡು.'
ಬಿದಿರು ಮುರಿದದ್ದು ನನಗೂ ಕೇಳಿಸಿತು,
ಉಳಿದದ್ದು ಅವನಿಗೆ ಮಾತ್ರ.
'ಐದು. ಒಂದು ಮರಿ. ಕೊನೇದಕ್ಕೆ ಕಾಲು ನೋವು.'
ಹಾಗೇ ಬರೆದೆ.

ತಪ್ಪಾಯಿತೋ ಏನೋ.
ಆ ಸಾಲನ್ನೂ ಅದು ಬಿತ್ತಿ ಬೆಳೆಯಿತು:
ಮಂಜಿನಲ್ಲಿ ಆರು, ಮಂಜಿನಲ್ಲಿ ಒಂಬತ್ತು,
ಮಂಜಿನಲ್ಲಿ ಮರಿಯನ್ನು ನೆಕ್ಕುವ ತಾಯಿ
('ಹಸು ಇರಬೇಕು' ಎಂದ ಚುಬ್ರ).
ಚಿತ್ರ ಸಾಲದೆಂದು ಚಿತ್ರವನ್ನೂ ತಾನೇ ಕಟ್ಟಿತು.
ತಿಂಗಳು ಕಳೆಯುವಷ್ಟರಲ್ಲಿ
ಎಲ್ಲಿ ಮಂಜೋ ಅಲ್ಲಿ ಆನೆ.
ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಆನೆ.
ಹಾಕಿ ಮೈದಾನದ ಗೋಲಿನ ಹಿಂದೆ ಮೂರು.
ಮಾಚವ್ವನ ತಮ್ಮನ ಮದುವೆಯಲ್ಲಿ,
ಹಂದಿಕರಿಯ ಹಂಡೆಯಿಂದೆದ್ದ ಹಬೆಯೊಳಗೆ, ಒಂದು ಮರಿ.

ಮೇಲಿನವರು ಬರೆದರು: ಆನೆ ಇಲ್ಲದ ಮಂಜು ಬೇಕು,
ಎರಡು ಸಾವಿರ. ಯಂತ್ರ ಮಾಡಿದ್ದು ಬೇಡ.

ಈಗ ಚುಬ್ರ ಸಂಜೆ ಐದಕ್ಕೆ ಬರುತ್ತಾನೆ.
ಕಿವಿಗೆ ಹೆಡ್‌ಫೋನು, ಕಣ್ಣು ಮುಚ್ಚಿ.
'ಇಲ್ಲ.'
ಮತ್ತೊಂದು ಹಾಕುತ್ತೇನೆ. 'ಇಲ್ಲ.'
'ಇಲ್ಲ ಅನ್ನೋದಕ್ಕೂ ಒಂದೂಕಾಲು ರೂಪಾಯಿಯಾ?'
ಎಂದು ಮೊದಲ ದಿನ ನಕ್ಕಿದ್ದ.
ಈಗ ನಗುವುದಿಲ್ಲ. ಒಂದೊಂದು ಇಲ್ಲಕ್ಕೂ
ಮೂರು ಮೂರು ಸಲ ಕೇಳುತ್ತಾನೆ.

ನಿನ್ನೆ ಒಂದರ ಮುಂದೆ ಬಹಳ ಹೊತ್ತು ಕೂತ.
ಮಂಜು, ಮಂಜು, ಎಲ್ಲೋ ಎಲೆಯಿಂದ ಒಂದು ಹನಿ.
'ಗೊತ್ತಾಗ್ತಿಲ್ಲ' ಎಂದ.

ಅದಕ್ಕೆ ಗುಂಡಿಯಿಲ್ಲ ನನ್ನ ಪರದೆಯಲ್ಲಿ.
ಹೌದು ಇದೆ. ಇಲ್ಲ ಇದೆ.
ಕೆಳಗೆ ಒಲೆಯಿಂದ ಬನ್ನು ಇಳಿಸಿದರು, ವಾಸನೆ ಬಂತು.
ಮತ್ತೊಮ್ಮೆ ಹಾಕು, ಎಂದ.